ಅಭಿವೃದ್ಧಿ ಮಂಡಳಿಗಳು ಲೆಕ್ಕ ಕೊಡುವುದು ಯಾರಿಗೆ?

ನಗರ್ತಪೇಟೆಯ ಅಂಗಡಿಗಳಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಯೆಂದರೆ ಲೆಕ್ಕದ ಪುಸ್ತಕಗಳಿಗೂ ಪೂಜೆ. ಕೆಂಪು ರಟ್ಟಿನ ಹೊಸ ಪುಸ್ತಕದ ಮೊದಲ ಪುಟಕ್ಕೆ ಅರಿಸಿನ ಕುಂಕುಮ ಹಚ್ಚಿ, ಹಳೆಯ ವರ್ಷದ ಬಾಕಿಯನ್ನು ಹೊಸ ಪುಸ್ತಕಕ್ಕೆ ತಂದುಕೊಂಡ ಮೇಲೆಯೇ ಮುಂದಿನ ವ್ಯಾಪಾರ. ಗಲ್ಲಾಪೆಟ್ಟಿಗೆಯ ಪಕ್ಕ ಕಂಪ್ಯೂಟರ್ ಬಂದು ಕುಳಿತ ಮೇಲೂ ಈ ಪದ್ಧತಿ ಪೂರ್ತಿ ಬಿಟ್ಟುಹೋಗಿಲ್ಲ. ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬುದು ವರ್ಷಕ್ಕೊಮ್ಮೆಯಾದರೂ ತೀರ್ಮಾನವಾಗಲೇಬೇಕು ಎಂಬುದು ಪೇಟೆಯ ನಿಯಮ.

ನಾಡಿನ ಸಂಪತ್ತು ಹೆಚ್ಚಿಸಲೆಂದು ಸರ್ಕಾರ ಕಟ್ಟುವ ಸಂಸ್ಥೆಗಳಿಗೆ ಇಂಥ ನಿಯಮ ಉಂಟೆ? ಈ ಪ್ರಶ್ನೆಗೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಅದರ ಒಂದು ಕುರುಹು ನಗರ್ತಪೇಟೆಯ ಪಕ್ಕದಲ್ಲೇ ಇದೆ. ಒಂದು ಕಾಲಕ್ಕೆ ದೊಡ್ಡಪೇಟೆಯೆನಿಸಿದ್ದ ಅವೆನ್ಯೂ ರಸ್ತೆಯಲ್ಲಿ ಉತ್ತರಕ್ಕೆ ನಡೆದರೆ ಸಿಗುವುದು ಮೈಸೂರು ಬ್ಯಾಂಕ್ ವೃತ್ತ. ಆ ಬ್ಯಾಂಕು ಹುಟ್ಟಿದ್ದು 1911ರಲ್ಲಿ ಆರಂಭವಾದ ಮೈಸೂರು ಸಂಪದಭ್ಯುದಯ ಸಮಾಜದ ಚರ್ಚೆಗಳಿಂದ.

1911ರ ಜೂನ್ 10ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಈ ಸಮಾಜವನ್ನು ಉದ್ಘಾಟಿಸಿದರು. ಅದರ ಹಿಂದಿದ್ದವರು ಆಗಿನ್ನೂ ಚೀಫ್ ಎಂಜಿನಿಯರ್ ಆಗಿದ್ದ ಎಂ. ವಿಶ್ವೇಶ್ವರಯ್ಯ. 1898ರಲ್ಲೇ ಜಪಾನಿಗೆ ಹೋಗಿ ಅಲ್ಲಿನ ಕೈಗಾರಿಕೆ, ಶಿಕ್ಷಣಗಳನ್ನು ಕಣ್ಣಾರೆ ಕಂಡು ಬಂದಿದ್ದವರು ಅವರು. ಮಳೆ ನಂಬಿದ ಬೇಸಾಯವೊಂದನ್ನೇ ನೆಚ್ಚಿಕೊಂಡ ಸಂಸ್ಥಾನ ಬಡತನದಿಂದ ಮೇಲೇಳದು ಎಂಬುದು ಅವರ ಖಚಿತ ಅಭಿಪ್ರಾಯವಾಗಿತ್ತು. ಸಮಾಜದಲ್ಲಿ ಅಧಿಕಾರಿಗಳ ಜೊತೆಗೆ ಜಮೀನುದಾರರು, ವರ್ತಕರು, ವಕೀಲರೂ ಇದ್ದರು. ಬೇಸಾಯಕ್ಕೊಂದು, ಶಿಕ್ಷಣಕ್ಕೊಂದು, ಕೈಗಾರಿಕೆ ಮತ್ತು ವಾಣಿಜ್ಯಕ್ಕೊಂದು ಎಂದು ಮೂರು ಸಮಿತಿಗಳಾದವು. ಮುಂದೆ ಜಿಲ್ಲೆ, ತಾಲ್ಲೂಕುಗಳಲ್ಲೂ ಸಮಿತಿಗಳು ಹುಟ್ಟಿಕೊಂಡವು.

ಈ ಸಮಾಜಕ್ಕೆ ಯಾರ ಜಮೀನನ್ನೂ ಕಿತ್ತುಕೊಳ್ಳುವ ಅಧಿಕಾರವಿರಲಿಲ್ಲ. ಯಾರ ಕಾರ್ಖಾನೆಗೂ ಬೀಗ ಜಡಿಯುವಂತಿರಲಿಲ್ಲ. ಅದು ಮಾಡುತ್ತಿದ್ದುದು ವಿಚಾರಣೆ, ಶಿಫಾರಸು. ಆದರೆ ವರ್ಷಕ್ಕೊಮ್ಮೆ ಸಭೆ ಸೇರಿ ಕೆಲಸದ ವರದಿಯನ್ನು ಸದಸ್ಯರ ಮುಂದಿಡಬೇಕಿತ್ತು. ಆ ನಡವಳಿಗಳು ಅಚ್ಚಾಗುತ್ತಿದ್ದವು. ವಿಶ್ವೇಶ್ವರಯ್ಯನವರಿಗೆ ಅಂಕಿಅಂಶಗಳ ಮೇಲೆ ಇದ್ದ ವ್ಯಾಮೋಹವನ್ನು ಗೇಲಿ ಮಾಡಿದವರುಂಟು. ಆದರೆ ಅಂಕಿ ಕೊಟ್ಟವನನ್ನು ಮರುವರ್ಷ ಅದೇ ಅಂಕಿ ಹಿಡಿದು ಕೇಳಬಹುದು ಎಂಬುದನ್ನು ಮರೆಯುವಂತಿಲ್ಲ.

ಫಲಗಳೂ ಕಂಡವು. ಅದುವರೆಗೆ ಪೇಟೆಯ ವರ್ತಕನಿಗೆ ಸಾಲವೆಂದರೆ ಸಾಹುಕಾರ, ಅಡವು, ಹುಂಡಿ. ದಂಡು ಪ್ರದೇಶದಲ್ಲಿ ಬ್ಯಾಂಕ್ ಆಫ್ ಮದ್ರಾಸ್ ಇತ್ತಾದರೂ ಅದು ಅಕ್ಕಿಪೇಟೆ, ಅರಳೆಪೇಟೆಯವರ ಮನೆಯಂಗಳದ್ದಲ್ಲ. ಮದ್ರಾಸಿನ ಅರ್ಬತ್‌ನಾಟ್ ಬ್ಯಾಂಕು 1906ರಲ್ಲಿ ದಿವಾಳಿಯೆದ್ದು ಠೇವಣಿದಾರರನ್ನು ಮುಳುಗಿಸಿದ ನೆನಪು ಇನ್ನೂ ಹಸಿಯಾಗಿತ್ತು. ಸರ್ಕಾರದ ಆಶ್ರಯದಲ್ಲಿ ಬ್ಯಾಂಕ್ ಆಫ್ ಮೈಸೂರು 1913ರ ಅಕ್ಟೋಬರ್ 2ರಂದು ಬಾಗಿಲು ತೆರೆದಾಗ ಜನ ಅದನ್ನು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಬಂತು. ಅದೇ ವರ್ಷ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಶುರುವಾಯಿತು. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ಬೇರು ಕೂಡ ಈ ಸಮಾಜದಲ್ಲೇ ಇದೆ ಎಂದರೆ ಇಂದಿನ ಓದುಗರಿಗೆ ಸೋಜಿಗವಾಗಬಹುದು. ಜನರಿಗೆ ಅವರ ಭಾಷೆಯಲ್ಲೇ ತಿಳಿವಳಿಕೆ ಮುಟ್ಟಿಸುವುದೂ ಸಂಪತ್ತಿನ ಪ್ರಶ್ನೆಯೇ ಎಂಬ ಆಲೋಚನೆಯಿಂದ 1915ರಲ್ಲಿ ಪರಿಷತ್ತು ರೂಪುಗೊಂಡಿತು.

ಹಾಗೆಂದು ಆ ಕಾಲವನ್ನು ಚಿನ್ನದ ಕಾಲವೆಂದು ಹಾಡಬೇಕಿಲ್ಲ. ಸಮಾಜದ ಸದಸ್ಯರು ಜನ ಆರಿಸಿದವರಲ್ಲ, ಸರ್ಕಾರ ನೇಮಿಸಿದವರು. ಓದು ಬರಹವಿಲ್ಲದ ನೇಕಾರನಾಗಲಿ, ಗಾಡಿ ಹೊಡೆಯುವವನಾಗಲಿ ಅಲ್ಲಿ ಎದ್ದು ನಿಂತು ಕೇಳುವಂತಿರಲಿಲ್ಲ. 1918ರ ಕೊನೆಯಲ್ಲಿ ವಿಶ್ವೇಶ್ವರಯ್ಯ ದಿವಾನಗಿರಿ ಬಿಟ್ಟ ಮೇಲೆ ಸಮಾಜಕ್ಕೆ ಮೊದಲಿನ ಕಾವೂ ಉಳಿಯಲಿಲ್ಲ. ಒಬ್ಬ ವ್ಯಕ್ತಿಯ ಹಟದ ಮೇಲೆ ನಿಂತ ಸಂಸ್ಥೆಯ ಪಾಡು ಅದು.

ಲೆಕ್ಕ ಕೇಳುವ ನಿಜವಾದ ಪರೀಕ್ಷೆ ಎದುರಾದದ್ದು ಭದ್ರಾವತಿಯಲ್ಲಿ. ಮಹಾಯುದ್ಧದ ಕಾಲದಲ್ಲಿ ಯೋಜನೆಯಾದ ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಉತ್ಪಾದನೆ ಆರಂಭಿಸುವ ಹೊತ್ತಿಗೆ ಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿತ್ತು. ಖರ್ಚು ಏರಿತ್ತು, ನಷ್ಟ ಬಂತು. ರಂಗಾಚಾರ್ಲು ದಿವಾನರಾಗಿದ್ದಾಗ 1881ರಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆಯಲ್ಲೂ, 1907ರಲ್ಲಿ ಬಂದ ನ್ಯಾಯವಿಧೇಯಕ ಸಭೆಯಲ್ಲೂ ಕಾರ್ಖಾನೆ ಟೀಕೆಗೆ ಗುರಿಯಾಯಿತು. ಜನರ ತೆರಿಗೆ ಹಣವನ್ನು ಕುಲುಮೆಗೆ ಸುರಿಯುವುದೇಕೆ ಎಂಬುದು ಅಂದಿನ ಆಕ್ಷೇಪ. 1923ರ ಸುಧಾರಣೆಗಳಿಂದ ಆಯವ್ಯಯದ ಬೇಡಿಕೆಗಳ ಮೇಲೆ ಮತ ಹಾಕುವ ಹಕ್ಕು ಸಿಕ್ಕಿದ್ದರಿಂದ ಟೀಕೆಗೆ ತೂಕವೂ ಇತ್ತು. ಕಾರ್ಖಾನೆಯನ್ನು ಕಲ್ಪಿಸಿದ ವಿಶ್ವೇಶ್ವರಯ್ಯನವರೇ ಅದೇ ವರ್ಷ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿ 1929ರವರೆಗೆ ಅದನ್ನು ದಡ ಸೇರಿಸಲು ದುಡಿದರು. ಯೋಜನೆ ಹಾಕಿದವನೇ ಹಿಂತಿರುಗಿ ಬಂದು ಅದರ ನಷ್ಟದ ಎದುರು ಕುಳಿತದ್ದು ನಮ್ಮ ಆಡಳಿತದ ಚರಿತ್ರೆಯಲ್ಲಿ ಅಪರೂಪವೇ.

ಸ್ವಾತಂತ್ರ್ಯ ಬಂದು, 1956ರಲ್ಲಿ ಕನ್ನಡ ನಾಡು ಒಂದಾದ ಮೇಲೆ ಚರ್ಚೆಯ ಸಮಾಜಗಳ ಕಾಲ ಮುಗಿದು ಕಾಯ್ದೆಯ ನಿಗಮಗಳ ಕಾಲ ಬಂತು. 1959ರಲ್ಲಿ ರಾಜ್ಯ ಹಣಕಾಸು ಸಂಸ್ಥೆ, 1960ರಲ್ಲಿ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮ, 1964ರಲ್ಲಿ ಕೈಗಾರಿಕಾ ಬಂಡವಾಳ ಹೂಡಿಕೆಗೊಂದು ನಿಗಮ, 1966ರ ಕಾಯ್ದೆಯಡಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ. ಇವು ಮಾಡಿದ ಕೆಲಸವನ್ನು ಅಲ್ಲಗಳೆಯುವಂತಿಲ್ಲ. ಪೇಟೆಯ ಇಕ್ಕಟ್ಟು ಗಲ್ಲಿಗಳಲ್ಲಿ, ಮನೆಯ ಹಿಂದಿನ ಕೊಠಡಿಗಳಲ್ಲಿ ಲೇತ್ ತಿರುಗಿಸುವವರಿಗೆ ಪೀಣ್ಯದಂಥ ಕಡೆ ಶೆಡ್ಡು, ವಿದ್ಯುತ್ತು, ಸಾಲ ಒದಗಿಸುವುದು ಸಾಹುಕಾರನಿಂದ ಆಗುವ ಮಾತಲ್ಲ.

ಆದರೆ ಅಧಿಕಾರ ಬೆಳೆದಷ್ಟು ಉತ್ತರದಾಯಿತ್ವ ಬೆಳೆಯಿತೇ? 1951ರ ರಾಜ್ಯ ಹಣಕಾಸು ಸಂಸ್ಥೆಗಳ ಕಾಯ್ದೆಯ 29ನೇ ಕಲಂ ನೋಡಬಹುದು. ಸಾಲದ ಕಂತು ತಪ್ಪಿದರೆ ನ್ಯಾಯಾಲಯದ ಮೆಟ್ಟಿಲು ಹತ್ತದೆಯೇ ಕಾರ್ಖಾನೆಯನ್ನು ವಶಪಡಿಸಿಕೊಂಡು ಮಾರುವ ಅಧಿಕಾರ ಅದು. ಸರ್ವೋಚ್ಚ ನ್ಯಾಯಾಲಯ 1993ರ ಮಹೇಶ್ ಚಂದ್ರ ಮೊಕದ್ದಮೆಯಲ್ಲಿ, ಸಂಸ್ಥೆ ಧರ್ಮದರ್ಶಿಯಂತೆ ನ್ಯಾಯಯುತವಾಗಿ ನಡೆದುಕೊಳ್ಳಬೇಕೆಂದು ಹೇಳಿ ಹಲವು ಕಟ್ಟುಪಾಡು ಹಾಕಿತ್ತು. 2002ರಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ ಆ ಕಟ್ಟುಪಾಡುಗಳನ್ನು ತಾನೇ ತೆಗೆದುಹಾಕಿತು. ನ್ಯಾಯಯುತ ನಡತೆ ಸಾಲಗಾರನಿಂದಲೂ ಬರಬೇಕಲ್ಲವೇ ಎಂಬುದು ಅದರ ತರ್ಕ. ವಸೂಲಾಗದ ಸಾಲ ಕೊನೆಗೆ ಸಾರ್ವಜನಿಕರ ಹಣವೇ ಆದ್ದರಿಂದ ಈ ತರ್ಕ ತಪ್ಪೆನ್ನಲಾಗದು. ಆದರೂ ಸಣ್ಣ ಉದ್ಯಮಿ ಲೆಕ್ಕ ಕೊಡುವುದು ತಿಂಗಳ ಕಂತಿನ ದಿನಾಂಕಕ್ಕೆ. ನಿಗಮದ ಲೆಕ್ಕವನ್ನು ಮಹಾಲೇಖಪರಿಶೋಧಕರು ಪರಿಶೀಲಿಸಿ, ವರದಿ ವಿಧಾನಮಂಡಲಕ್ಕೆ ಬಂದು, ಸಾರ್ವಜನಿಕ ಉದ್ದಿಮೆಗಳ ಸಮಿತಿಯ ಮುಂದೆ ತೆರೆದುಕೊಳ್ಳುವಷ್ಟರಲ್ಲಿ ತೀರ್ಮಾನ ಮಾಡಿದ ಅಧಿಕಾರಿ ಬೇರೆಲ್ಲೋ ವರ್ಗವಾಗಿ ಹೋಗಿರಬಹುದು.

ಅಭಿವೃದ್ಧಿ ಎಲ್ಲೆಲ್ಲಿ ತಲುಪಿತು ಎಂಬ ಲೆಕ್ಕ ಕೇಳಲೂ ದಶಕಗಳು ಬೇಕಾದವು. ಡಾ. ಡಿ.ಎಂ. ನಂಜುಂಡಪ್ಪ ನೇತೃತ್ವದ ಸಮಿತಿ 2002ರಲ್ಲಿ ಕೊಟ್ಟ ವರದಿಯ ಪ್ರಕಾರ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿದ್ದವು; ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಗುಲಬರ್ಗಾ ವಿಭಾಗವೊಂದರಲ್ಲೇ ಇದ್ದವು. ಹೈದರಾಬಾದ್ ಕರ್ನಾಟಕಕ್ಕೆಂದೇ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಬಂದು ಅಷ್ಟರಲ್ಲಿ ಹತ್ತು ವರ್ಷವಾಗಿತ್ತು ಎಂಬುದನ್ನು ಸೇರಿಸಿ ಓದಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ.

ಕರ್ನಾಟಕ 2000ದಲ್ಲಿ ಮಾಹಿತಿ ಹಕ್ಕಿನ ಕಾಯ್ದೆ ಮಾಡಿತು. 2005ರಲ್ಲಿ ಕೇಂದ್ರದ ಕಾಯ್ದೆ ಬಂತು. ನಿಗಮದ ಕಡತವನ್ನು ಕೇಳುವ ಹಕ್ಕು ಸಾಮಾನ್ಯನಿಗೆ ಸಿಕ್ಕಿತು. ಆದರೆ ಜಮೀನು ಹೋಗುವವನಿಗೆ ಕಡತದ ನಕಲು ಸಾಲದು.

ಬೆಂಗಳೂರಿನ ಪೇಟೆಗಳನ್ನು ಕಟ್ಟಿಸಿದ ಕೆಂಪೇಗೌಡರ ವಂಶದವರು ಬಂದು ನೆಲೆಸಿದ್ದ ಆವತಿ, ಇಂದಿನ ದೇವನಹಳ್ಳಿ ತಾಲ್ಲೂಕಿನಲ್ಲಿದೆ. ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆ ಜಮೀನನ್ನು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕ ಸ್ವಾಧೀನಪಡಿಸಿಕೊಳ್ಳಲು ಸರ್ಕಾರ ಹೊರಟಾಗ ರೈತರು 2022ರಲ್ಲಿ ಧರಣಿ ಕುಳಿತರು. 1966ರ ಕಾಯ್ದೆಯ ಪ್ರಕಾರ ಅವರಿಗಿದ್ದ ಅವಕಾಶ ನೋಟಿಸಿಗೆ ಆಕ್ಷೇಪಣೆ ಸಲ್ಲಿಸುವುದು. ಮಂಡಳಿಯ ಮೇಜಿನ ಸುತ್ತ ಕೂರುವವರಲ್ಲಿ ಬಹುತೇಕರು ಸರ್ಕಾರದ ಅಧಿಕಾರಿಗಳೇ. ಹಳ್ಳಿಯವರಿಗೆ ಅಲ್ಲಿ ಕುರ್ಚಿಯಿಲ್ಲ. ಸರ್ಕಾರ ಬದಲಾಯಿತು, ಧರಣಿ ನಿಲ್ಲಲಿಲ್ಲ. ಮೂರು ವರ್ಷ ದಾಟಿದ ಮೇಲೆ 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ರೈತರ ಸಭೆ ಕರೆದು, ಸ್ವಾಧೀನವನ್ನು ಪೂರ್ತಿ ಕೈಬಿಡುವುದಾಗಿಯೂ, ತಾವಾಗಿ ಜಮೀನು ಕೊಡಲು ಮುಂದೆ ಬರುವವರಿಂದ ಮಾತ್ರ ಹೆಚ್ಚಿನ ಪರಿಹಾರ ಕೊಟ್ಟು ಪಡೆಯುವುದಾಗಿಯೂ ಹೇಳಿದರು. ಆ ಉತ್ತರ ಬಂದದ್ದು ಮಂಡಳಿಯಿಂದಲ್ಲ, ವಿಧಾನಸೌಧದಿಂದ.