ಅರೆವಾಹಕಗಳ ಗಣಕಾಧಾರಿತ ಅಧ್ಯಯನ: ಬಸವಕಲ್ಯಾಣ–ಹುಮನಾಬಾದ್ ನೆಲೆಯಿಂದ ಒಂದು ಚಾರಿತ್ರಿಕ ನೋಟ

ವಿಜ್ಞಾನದ ಚರಿತ್ರೆಯನ್ನು ಪ್ರಯೋಗಾಲಯಗಳ ಚರಿತ್ರೆಯಾಗಿಯೇ ಬರೆಯುವ ರೂಢಿ ನಮ್ಮಲ್ಲಿದೆ. ಹಾಗೆ ಬರೆದರೆ ಕರ್ನಾಟಕದ ಅರೆವಾಹಕಗಳ ಕಥನವು 1962ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಕೈಗೊಂಡ ಜರ್ಮೇನಿಯಂ ಸಾಧನಗಳ ತಯಾರಿಕೆಯಂತಹ ಘಟನೆಗಳ ಸುತ್ತ ಬೆಂಗಳೂರಿನಲ್ಲಿಯೇ ಉಳಿದುಬಿಡುತ್ತದೆ. ಬಸವಕಲ್ಯಾಣ, ಹುಮನಾಬಾದುಗಳಿಗೆ ಅದರಲ್ಲಿ ಸ್ಥಾನವಿಲ್ಲ. ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಗುಲಬರ್ಗಾದಲ್ಲಿ ಸ್ನಾತಕೋತ್ತರ ಕೇಂದ್ರ ಬಂದದ್ದು 1970ರಲ್ಲಿ, ವಿಶ್ವವಿದ್ಯಾಲಯ 1980ರಲ್ಲಿ. ಬೀದರ್ ವಿಶ್ವವಿದ್ಯಾಲಯ 2023ರಲ್ಲಿ. ನಿರ್ವಾತ ಕುಲುಮೆ, ಧೂಳುರಹಿತ ಕೊಠಡಿಗಳನ್ನು ಬೇಡುವ ಶಾಸ್ತ್ರವು ತಾಲ್ಲೂಕು ಕೇಂದ್ರದ ಕಾಲೇಜಿಗೆ ದೂರವೇ ಉಳಿದುದರಲ್ಲಿ ಆಶ್ಚರ್ಯವಿಲ್ಲ.

ಗಣನೆಯ ಮಾರ್ಗ ತೆರೆದ ಬಗೆ ಬೇರೆ. ವಸ್ತುವಿನೊಳಗಿನ ಅಸಂಖ್ಯ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಹಿಂಬಾಲಿಸಬೇಕಿಲ್ಲ, ಅವುಗಳ ಸಾಂದ್ರತೆಯೊಂದೇ ಸಾಕು ಎಂದು ಹೋಹನ್‌ಬರ್ಗ್ ಮತ್ತು ಕೋನ್ 1964ರಲ್ಲಿ ತೋರಿಸಿದರು. ಮರುವರ್ಷ ಕೋನ್ ಮತ್ತು ಶ್ಯಾಮ್ ಅದನ್ನು ಲೆಕ್ಕಕ್ಕೆ ಒದಗುವ ಸಮೀಕರಣಗಳಾಗಿಸಿದರು. ಕೋನ್ 1998ರಲ್ಲಿ ನೊಬೆಲ್ ಪುರಸ್ಕೃತರಾದರು. ಅವರಿಗೆ ದೊರೆತ ವಿಭಾಗ ರಸಾಯನಶಾಸ್ತ್ರವೆಂಬುದು ಭೌತವಿಜ್ಞಾನಿಗಳಿಗೆ ಇಂದಿಗೂ ಕುತೂಹಲದ ಸಂಗತಿ!

ಆದರೆ ಈ ಸಿದ್ಧಾಂತದ ಬಳಕೆಯಲ್ಲಿ ಒಂದು ಹಳೆಯ ಊನವಿದೆ. ಅರೆವಾಹಕವು ಯಾವ ಬೆಳಕನ್ನು ಹೀರುತ್ತದೆ, ಯಾವುದನ್ನು ಸೂಸುತ್ತದೆ ಎಂಬುದನ್ನು ನಿರ್ಧರಿಸುವುದು ಅದರ ಶಕ್ತಿ ಅಂತರ. ಸಿಲಿಕಾನಿನಲ್ಲಿ ಕೊಠಡಿಯ ಉಷ್ಣತೆಯಲ್ಲಿ ಅಳೆದ ಅಂತರ 1.12 ಎಲೆಕ್ಟ್ರಾನ್ ವೋಲ್ಟ್; ಸರಳ ಅಂದಾಜಿನ ಗಣನೆ ಕೊಡುವುದು ಅದರ ಅರ್ಧದಷ್ಟನ್ನು ಮಾತ್ರ. ಇದು ಸಣ್ಣ ವ್ಯತ್ಯಾಸವಲ್ಲ. ಒಂದೇ ಪದರದ ಸೌರಕೋಶದ ದಕ್ಷತೆಗೆ ಸುಮಾರು ಮೂರನೆಯ ಒಂದರಷ್ಟು ಮಿತಿಯುಂಟೆಂದೂ ಆ ಮಿತಿಯು ಶಕ್ತಿ ಅಂತರವನ್ನು ಅವಲಂಬಿಸಿದೆಯೆಂದೂ ಶಾಕ್ಲಿ ಮತ್ತು ಕ್ವೈಸರ್ 1961ರಲ್ಲಿಯೇ ತೋರಿಸಿದ್ದರು. ಅಂತರ ತಪ್ಪಿದರೆ ವಸ್ತುವಿನ ಆಯ್ಕೆಯೇ ತಪ್ಪುತ್ತದೆ. ಹೆಡಿನ್ 1965ರಲ್ಲಿ ರೂಪಿಸಿದ ವಿಧಾನ, 2003ರ ಮಿಶ್ರ ಫಲನಗಳು ಈ ಊನವನ್ನು ಬಹುಮಟ್ಟಿಗೆ ನೀಗಿಸಿದವು, ಹೆಚ್ಚಿನ ಗಣನಾವೇಳೆಯ ಬೆಲೆ ತೆತ್ತು. ಯಾವ ಅಂದಾಜನ್ನು ಬಳಸಲಾಯಿತೆಂದು ಹೇಳದೆ ದಶಮಾಂಶಗಳನ್ನು ಮಾತ್ರ ಅಚ್ಚುಹಾಕುವ ಪ್ರಬಂಧವನ್ನು ಸಂಶೋಧನೆಯೆಂದು ಒಪ್ಪಲು ಪ್ರಸ್ತುತ ಲೇಖಕ ಹಿಂಜರಿಯುತ್ತಾನೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1990ರಲ್ಲಿ ಸೂಪರ್‌ಕಂಪ್ಯೂಟರ್ ಕೇಂದ್ರವೂ 2022ರಲ್ಲಿ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗವೂ ಬಂದವು. ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಉಮೇಶ್ ವಾಘ್ಮಾರೆ, ಶೋಭನಾ ನರಸಿಂಹನ್ ಅವರು ಇಂತಹ ಗಣನೆಗಳನ್ನು ಬೆಳೆಸಿದರು. ನಮ್ಮ ದೃಷ್ಟಿಯಿಂದ ಇವೆಲ್ಲಕ್ಕಿಂತ ಮುಖ್ಯವಾದುದು ಕ್ವಾಂಟಮ್ ಎಸ್ಪ್ರೆಸೊದಂತಹ ತಂತ್ರಾಂಶಗಳು ಉಚಿತವಾಗಿ, ಮೂಲಸಂಕೇತ ಸಹಿತವಾಗಿ ದೊರೆಯತೊಡಗಿದ್ದು.

ಸಿಲಿಕಾನ್ ಹರಳಿನ ಮೂಲಕೋಶದಲ್ಲಿರುವುದು ಎರಡೇ ಪರಮಾಣು. ಹುಮನಾಬಾದಿನ ಕಾಲೇಜೊಂದರ ಸಾಧಾರಣ ಗಣಕದಲ್ಲಿಯೂ ಆ ಲೆಕ್ಕ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಬಂದ ಅಂಕಿಯನ್ನು 1.12ರೊಡನೆ ಹೋಲಿಸಿ ಊನವನ್ನು ವಿದ್ಯಾರ್ಥಿ ಸ್ವತಃ ಕಾಣಬಹುದು. ಕಲಬೆರಕೆಯ, ದೋಷಯುಕ್ತ ಹರಳುಗಳಿಗೆ ನೂರಾರು ಪರಮಾಣುಗಳು ಬೇಕು. ಅಲ್ಲಿ ಪರಮಾಣುಗಳು ಇಮ್ಮಡಿಯಾದರೆ ಕೆಲಸ ಸುಮಾರು ಎಂಟು ಮಡಿಯಾಗುತ್ತದೆ, ಬಸವಕಲ್ಯಾಣದ ಅಧ್ಯಾಪಕರು ದೂರದ ಸೂಪರ್‌ಕಂಪ್ಯೂಟರಿನಲ್ಲಿ ವೇಳೆ ಕೋರಿ ಅರ್ಜಿ ಬರೆಯಬೇಕಾಗುತ್ತದೆ.