ಐದು ಪೈಸೆಯ ಚೀಟಿ, ಒಂದು ಕೋಟಿ ಜನ

ಮನೆಯ ಅಟ್ಟದ ಮೇಲೆ ಹಳೆಯ ಟ್ರಂಕೊಂದಿದ್ದು, ಅದರಲ್ಲಿ 1972ರ ಸುಮಾರಿನ ಕಾಗದಪತ್ರಗಳು ಗೆದ್ದಲಿಗೆ ಸಿಗದೆ ಉಳಿದಿದ್ದರೆ, ಲಕೋಟೆಗಳ ಮೇಲೆ ಒಮ್ಮೆ ಕಣ್ಣಾಡಿಸಬೇಕು. ಮಾಮೂಲು ಅಂಚೆಚೀಟಿಯ ಪಕ್ಕದಲ್ಲಿ ಐದು ಪೈಸೆಯ ಮತ್ತೊಂದು ಚೀಟಿ ಕಾಣುತ್ತದೆ. ಮೊದಮೊದಲು ಅಂಟಿಸಿದ್ದು ಕುಟುಂಬ ಯೋಜನೆಯ ಚಿತ್ರವಿದ್ದ ಹಳೆಯ ಚೀಟಿಯನ್ನೇ. ಅದರ ಮೇಲೆ ‘ನಿರಾಶ್ರಿತರ ನೆರವು’ ಎಂಬ ಅರ್ಥದ ಮಾತನ್ನು ಅಚ್ಚು ಹಾಕಿದ್ದರು. ಅಚ್ಚಾದ ಚೀಟಿ ಸಾಲದ ಕಡೆ ಅಂಚೆ ಕಚೇರಿಯವರೇ ಮೊಹರು ಒತ್ತಿ ಕೊಟ್ಟರು. 1971ರ ನವೆಂಬರ್ 15ರಿಂದ 1973ರ ಮಾರ್ಚ್ ಕೊನೆಯವರೆಗೆ, ಕಾರ್ಡು ಮತ್ತು ವೃತ್ತಪತ್ರಿಕೆಗಳನ್ನು ಬಿಟ್ಟರೆ, ಅಂಚೆಗೆ ಬಿದ್ದ ಕಾಗದಗಳೆಲ್ಲ ಈ ಹೆಚ್ಚುವರಿ ಐದು ಪೈಸೆ ತೆರಬೇಕಾಗಿತ್ತು. ರೈಲಿನ ಟಿಕೆಟ್ಟಿನ ಮೇಲೂ ವಿಮಾನದ ಟಿಕೆಟ್ಟಿನ ಮೇಲೂ ಇದೇ ಕಾರಣಕ್ಕೆ ತೆರಿಗೆ ಬಿತ್ತು.

ಆಗಿನ ಮೈಸೂರು ರಾಜ್ಯದ ಬಹುಪಾಲು ಜನ ಪೂರ್ವ ಬಂಗಾಳದ ಒಬ್ಬ ನಿರಾಶ್ರಿತನನ್ನೂ ಕಣ್ಣಾರೆ ಕಂಡವರಲ್ಲ. ಆದರೂ ಸಾವಿರಾರು ಮೈಲಿ ದೂರದ ಆ ಜನರ ಗಂಜಿಗೆ ಅವರು ಐದೈದು ಪೈಸೆ ಕೂಡಿಸಿದರು. ಅದಕ್ಕಾಗಿ ಎಲ್ಲಿಯೂ ದೊಡ್ಡ ಗಲಾಟೆಯಾಗಲಿಲ್ಲ. ಇಂದು ನಿರಾಶ್ರಿತ ಎಂಬ ಪದ ಕಿವಿಗೆ ಬಿದ್ದರೆ ಸಾಕು, ವಾದ ವಿವಾದ ಏಳುತ್ತದೆ. ಅಂದು ದೇಶ ಒಪ್ಪಿದ್ದು ಹೇಗೆ? ಕರುಣೆಯೊಂದರಿಂದಲೇ ಒಪ್ಪಿತೇ? ಈ ಪ್ರಶ್ನೆಗೆ ಉತ್ತರ ಹುಡುಕಲು 1971ರ ಆ ಒಂಬತ್ತು ತಿಂಗಳಿಗೆ ಹಿಂದಿರುಗಬೇಕು.

ಚುನಾವಣೆಯಿಂದ ಓಟದವರೆಗೆ

1970ರ ಡಿಸೆಂಬರಿನಲ್ಲಿ ಪಾಕಿಸ್ತಾನದ ಮೊದಲ ಸಾರ್ವತ್ರಿಕ ಚುನಾವಣೆ ನಡೆಯಿತು. ಶೇಖ್ ಮುಜಿಬುರ್ ರಹಮಾನರ ಅವಾಮಿ ಲೀಗ್ ಪೂರ್ವ ಪಾಕಿಸ್ತಾನದ 162 ಸ್ಥಾನಗಳಲ್ಲಿ 160ನ್ನು ಗೆದ್ದು ಇಡೀ ದೇಶದ ರಾಷ್ಟ್ರೀಯ ಸಭೆಯಲ್ಲಿ ಸ್ಪಷ್ಟ ಬಹುಮತ ಪಡೆಯಿತು. ನ್ಯಾಯವಾಗಿ ಮುಜಿಬ್ ಪ್ರಧಾನಿಯಾಗಬೇಕಿತ್ತು. ಪಶ್ಚಿಮದಲ್ಲಿ ಗೆದ್ದ ಭುಟ್ಟೋ ಅದಕ್ಕೆ ಒಪ್ಪಲಿಲ್ಲ. ಸೇನಾಧಿಪತಿ ಯಾಹ್ಯಾ ಖಾನ್ ಸಭೆಯನ್ನೇ ಮುಂದೂಡಿದರು. ಮಾತುಕತೆ ಮುರಿದುಬಿತ್ತು. 1971ರ ಮಾರ್ಚ್ 25ರ ರಾತ್ರಿ ಢಾಕಾದ ಬೀದಿಗಳಿಗೆ ಸೈನ್ಯ ಇಳಿಯಿತು.

ಅದೇ ಮಾರ್ಚಿನಲ್ಲಿ ಭಾರತದಲ್ಲೂ ಚುನಾವಣೆ ನಡೆದಿತ್ತು. ‘ಗರೀಬಿ ಹಟಾವೋ’ ಘೋಷಣೆಯೊಡನೆ ಇಂದಿರಾ ಗಾಂಧಿ 352 ಸ್ಥಾನ ಗೆದ್ದು ಬಂದಿದ್ದರು. ಬಡತನ ನೀಗಿಸುವುದಾಗಿ ಮಾತು ಕೊಟ್ಟ ಸರ್ಕಾರದ ಬಾಗಿಲಿಗೆ, ಅಧಿಕಾರ ಹಿಡಿದ ಕೆಲವೇ ದಿನಗಳಲ್ಲಿ, ಉಟ್ಟ ಬಟ್ಟೆಯಲ್ಲಿ ಓಡಿಬಂದ ಜನ ಬಂದು ನಿಂತರು. ಮಾರ್ಚ್ 31ರಂದು ಸಂಸತ್ತು ಪೂರ್ವ ಬಂಗಾಳದ ಜನರಿಗೆ ಸಹಾನುಭೂತಿ ಸೂಚಿಸಿ ನಿರ್ಣಯ ಅಂಗೀಕರಿಸಿತು. ಆಗ ಗಡಿ ದಾಟಿದವರ ಸಂಖ್ಯೆ ಇನ್ನೂ ಕಡಿಮೆಯಿತ್ತು. ಮೇ ಕೊನೆಯ ಹೊತ್ತಿಗೆ ಅದು ಸುಮಾರು 35 ಲಕ್ಷ ಮುಟ್ಟಿತು.

ಡಿಸೆಂಬರಿನಲ್ಲಿ ಸರ್ಕಾರ ಕೊಟ್ಟ ಲೆಕ್ಕ 98 ಲಕ್ಷ 99 ಸಾವಿರ. ಇವರಲ್ಲಿ ಸುಮಾರು 68 ಲಕ್ಷ ಜನ ಎಂಟುನೂರಕ್ಕೂ ಹೆಚ್ಚು ಶಿಬಿರಗಳಲ್ಲಿದ್ದರು. ಉಳಿದವರು ನೆಂಟರಿಷ್ಟರ ಮನೆಗಳಲ್ಲಿದ್ದರು. ಪಶ್ಚಿಮ ಬಂಗಾಳಕ್ಕೆ ಬಂದವರೇ ಎಪ್ಪತ್ತು ಲಕ್ಷಕ್ಕೂ ಹೆಚ್ಚು. ತ್ರಿಪುರಾದ ಕಥೆ ಇನ್ನೂ ಬೇರೆ. ಹದಿನೈದೂವರೆ ಲಕ್ಷ ಜನಸಂಖ್ಯೆಯ ಆ ಪುಟ್ಟ ನಾಡಿಗೆ ಸುಮಾರು 14 ಲಕ್ಷ ಜನ ಬಂದಿಳಿದರು. ಊರಿನ ಜನ ಎಷ್ಟೋ, ಬಂದ ಜನವೂ ಹೆಚ್ಚು ಕಡಿಮೆ ಅಷ್ಟೇ. ಕಲ್ಕತ್ತದ ಅಂಚಿನ ಸಾಲ್ಟ್ ಲೇಕಿನಲ್ಲಿ ಮನೆ ಕಟ್ಟಲೆಂದು ತಂದಿದ್ದ ದೊಡ್ಡ ಸಿಮೆಂಟ್ ಕೊಳವೆಗಳೊಳಗೆ ಸಂಸಾರಗಳು ಮಳೆಗಾಲ ಕಳೆದವು.

ಮಳೆಯ ಜೊತೆಗೆ ಕಾಲರಾ ಬಂತು. ಬನಗಾಂವ್ ಶಿಬಿರದಲ್ಲಿ ರೋಗಿಗಳಿಗೆ ಏರಿಸಲು ಗ್ಲೂಕೋಸ್ ಬಾಟಲಿಗಳು ಮುಗಿದಾಗ, ಡಾ. ದಿಲೀಪ್ ಮಹಲನಬೀಸ್ ಉಪ್ಪು, ಸಕ್ಕರೆಯ ಅಂಶ ಮತ್ತು ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರ ಹತ್ತಿರವಿದ್ದ ಸಾವಿನ ಪ್ರಮಾಣ ನಾಲ್ಕಕ್ಕಿಂತ ಕೆಳಗಿಳಿಯಿತು. ಇಂದು ಮಗುವಿಗೆ ಭೇದಿಯಾದರೆ ಅಂಗಡಿಯಿಂದ ತರುವ ಓಆರ್‌ಎಸ್ ಪೊಟ್ಟಣದ ಬಗ್ಗೆ ಜಗತ್ತಿಗೆ ನಂಬಿಕೆ ಹುಟ್ಟಿಸಿದ್ದು ಆ ಶಿಬಿರವೇ. ಮಹಲನಬೀಸರು 2022ರಲ್ಲಿ ತೀರಿಕೊಂಡ ಮೇಲೆ, 2023ರಲ್ಲಿ ಪದ್ಮವಿಭೂಷಣ ಬಂತು.

ಯಾರ ಮನೆಯ ಜಗಳ?

ಪಾಕಿಸ್ತಾನದ ವಾದ ಸರಳವಾಗಿತ್ತು. ಇದು ನಮ್ಮ ಮನೆಯ ಜಗಳ, ಹೊರಗಿನವರು ತಲೆ ಹಾಕಬಾರದು. ವಿಶ್ವಸಂಸ್ಥೆಯ ಸನ್ನದು ಕೂಡ ಒಂದು ದೇಶದ ಒಳಾಡಳಿತದಲ್ಲಿ ಕೈ ಹಾಕಬಾರದೆಂದೇ ಹೇಳುತ್ತದೆ. ಕೊಲೆ, ಸುಲಿಗೆ, ಅತ್ಯಾಚಾರಗಳ ವರದಿಗಳು ಬಂದರೂ ದೊಡ್ಡ ರಾಷ್ಟ್ರಗಳು ಈ ಮಾತಿನ ಹಿಂದೆ ಅಡಗಿದವು. ಢಾಕಾದಲ್ಲಿದ್ದ ಅಮೆರಿಕದ ರಾಜತಾಂತ್ರಿಕ ಆರ್ಚರ್ ಬ್ಲಡ್ ಏಪ್ರಿಲ್ 6ರಂದೇ ತನ್ನ ಸರ್ಕಾರದ ಮೌನವನ್ನು ಖಂಡಿಸಿ ತಂತಿ ಕಳಿಸಿದ. ಆದರೆ ನಿಕ್ಸನ್ ಮತ್ತು ಕಿಸಿಂಜರ್‌ಗೆ ಚೀನಾದ ಬಾಗಿಲು ತೆರೆಸಲು ಯಾಹ್ಯಾ ಖಾನ್ ಬೇಕಾಗಿದ್ದರು.

ಇಲ್ಲಿ ಭಾರತ ಹಾಕಿದ ಪಟ್ಟನ್ನು ಗಮನಿಸಬೇಕು. ಮೇ 24ರಂದು ಲೋಕಸಭೆಯಲ್ಲಿ ಇಂದಿರಾ ಗಾಂಧಿ ಪಾಕಿಸ್ತಾನದ ವಾದವನ್ನೇ ತಿರುಗಿಸಿದರು. ಪಾಕಿಸ್ತಾನದ ಒಳಾಡಳಿತದ ವಿಷಯ ಎನ್ನುವುದು ಈಗ ಭಾರತದ ಒಳಾಡಳಿತದ ವಿಷಯವೂ ಆಗಿಬಿಟ್ಟಿದೆ ಎಂಬುದು ಅವರ ಮಾತಿನ ಸಾರ. ಪಕ್ಕದ ಮನೆಯ ಜಗಳದಲ್ಲಿ ತಲೆ ಹಾಕುವುದು ತಪ್ಪಿರಬಹುದು. ಆದರೆ ಆ ಮನೆಯ ಅರ್ಧ ಜನ ನಮ್ಮ ಅಂಗಳದಲ್ಲಿ ಬಂದು ಮಲಗಿದ ಮೇಲೆ ಅದು ಯಾರ ಮನೆಯ ಜಗಳ? ಜಗತ್ತು ಕೊಲೆಯ ಸುದ್ದಿಗೆ ಕಿವಿಗೊಡದಿದ್ದಾಗ ಭಾರತ ತಲೆಎಣಿಕೆಯನ್ನು ಮುಂದಿಟ್ಟಿತು.

ಆದ್ದರಿಂದಲೇ ಸಂಖ್ಯೆಯ ಮೇಲೆಯೇ ಜಟಾಪಟಿ ನಡೆಯಿತು. ದೇಶ ಬಿಟ್ಟವರು ಸುಮಾರು 20 ಲಕ್ಷ ಮಾತ್ರ ಎಂದು ಪಾಕಿಸ್ತಾನ ಸೆಪ್ಟೆಂಬರಿನಲ್ಲಿ ಹೇಳಿತು. ‘ನಿಜವಾದ ಪ್ರಜೆಗಳು’ ಮರಳಿ ಬರಬಹುದೆಂದು ಕರೆಯನ್ನೂ ಕೊಟ್ಟಿತು. ಗಡಿಯ ಎರಡೂ ಬದಿಗೆ ವಿಶ್ವಸಂಸ್ಥೆಯ ಪ್ರತಿನಿಧಿಗಳನ್ನು ನಿಲ್ಲಿಸೋಣ ಎಂದು ಮಹಾಕಾರ್ಯದರ್ಶಿ ಊ ಥಾಂಟ್ ಸೂಚಿಸಿದರೆ ಭಾರತ ಒಪ್ಪಲಿಲ್ಲ. ಜನ ಓಡಿಬರುವುದಕ್ಕೆ ಕಾರಣ ಅಲ್ಲಿದೆ, ಇಲ್ಲಿ ಕಾವಲು ನಿಂತು ಏನು ಪ್ರಯೋಜನ ಎಂದಿತು. ಆ ಕಾವಲುಗಾರರ ಕಣ್ಣಿಗೆ ಮುಕ್ತಿಬಾಹಿನಿಯ ತರಬೇತಿ ಶಿಬಿರಗಳೂ ಬೀಳುತ್ತಿದ್ದವು ಎಂಬುದನ್ನು ಮರೆಯುವಂತಿಲ್ಲ.

ಮನೆಯೊಳಗಿನ ರಾಜಕೀಯ

ದೇಶದೊಳಗೂ ಎಲ್ಲರದು ಒಂದೇ ಮಾತಾಗಿರಲಿಲ್ಲ. ಬಾಂಗ್ಲಾದೇಶಕ್ಕೆ ತಕ್ಷಣ ಮಾನ್ಯತೆ ಕೊಡಬೇಕೆಂದು ಜನಸಂಘ ಬೀದಿಗಿಳಿಯಿತು. ಜಯಪ್ರಕಾಶ ನಾರಾಯಣರು ದೇಶದೇಶಗಳನ್ನು ಸುತ್ತಿ ಬಂಗಾಳಿಗಳ ಪರವಾಗಿ ಮಾತನಾಡಿ ಬಂದರು. ರಕ್ಷಣಾ ತಜ್ಞ ಕೆ. ಸುಬ್ರಹ್ಮಣ್ಯಂ, ನಿರಾಶ್ರಿತರನ್ನು ವರ್ಷಾನುಗಟ್ಟಲೆ ಸಾಕುವುದಕ್ಕಿಂತ ಯುದ್ಧವೇ ಅಗ್ಗ ಎಂಬ ಲೆಕ್ಕ ಮುಂದಿಟ್ಟರು. ಪಶ್ಚಿಮ ಬಂಗಾಳದಲ್ಲಿ ನಕ್ಸಲೀಯರ ಗಲಭೆಯ ನಡುವೆ ಜೂನ್ ಕೊನೆಗೆ ರಾಷ್ಟ್ರಪತಿ ಆಡಳಿತ ಬಂತು. ನಿರಾಶ್ರಿತರು ಹೀಗೆಯೇ ಉಳಿದರೆ ಇಡೀ ಪೂರ್ವ ಭಾರತ ಕುಸಿದೀತೆಂಬ ಭಯ ದೆಹಲಿಗಿತ್ತು.

ಇನ್ನೊಂದು ಸಂಗತಿಯನ್ನು ಸರ್ಕಾರ ಎತ್ತಿ ಹೇಳಲಿಲ್ಲ. ಬಂದವರಲ್ಲಿ ಬಹುಪಾಲು ಹಿಂದೂಗಳು. ಪಾಕ್ ಸೈನ್ಯ ಅವರನ್ನು ಹುಡುಕಿ ಹುಡುಕಿ ಕೊಂದಿತ್ತು. ಆದರೆ ಈ ಮಾತು ಬಹಿರಂಗವಾದರೆ ಭಾರತದಲ್ಲಿ ಮುಸ್ಲಿಮರ ಮೇಲೆ ಸೇಡಿನ ಗಲಭೆ ಏಳಬಹುದೆಂದೂ, ಹೋರಾಟ ಬಂಗಾಳಿಗಳದೆಂಬುದು ಮರೆತು ಹಿಂದೂ-ಮುಸ್ಲಿಂ ಜಗಳವಾಗುವುದೆಂದೂ ದೆಹಲಿ ಅಂಜಿತು. ಆದ್ದರಿಂದ ನಿರಾಶ್ರಿತರನ್ನು ಧರ್ಮದಿಂದ ಗುರುತಿಸದೆ ಪೂರ್ವ ಬಂಗಾಳದ ಜನ ಎಂದೇ ಕರೆಯಿತು. ಈ ಜಾಣ್ಮೆಯಿಂದ ಎಷ್ಟೋ ಜೀವ ಉಳಿದಿರಬೇಕು. ಆದರೆ ಸತ್ತವರ ಸತ್ಯವನ್ನು ಅರ್ಧ ಮುಚ್ಚಿಟ್ಟಂತೆಯೂ ಆಯಿತು. ಎರಡೂ ನಿಜ.

ಹೋಗಲೇಬೇಕು ಎಂಬ ಷರತ್ತು

ಅಂಚೆಚೀಟಿಯ ಮೇಲಿದ್ದ ಹಿಂದಿ ಪದ ‘ಶರಣಾರ್ಥಿ’. ನಮ್ಮ ಉತ್ತರ ಕರ್ನಾಟಕದ ಕಡೆ ಎದುರಾದವರಿಗೆ ‘ಶರಣು ಶರಣಾರ್ಥಿ’ ಎನ್ನುವುದುಂಟು. ನಮ್ಮಲ್ಲಿ ಅದು ಗೌರವದ ಮಾತು. ಆಶ್ರಯ ಬೇಡಿ ಬಂದವನು ಹಿಂದಿಯ ಶರಣಾರ್ಥಿ, ಆಶ್ರಯ ಕಳೆದುಕೊಂಡವನು ಕನ್ನಡದ ನಿರಾಶ್ರಿತ. ಸರ್ಕಾರಕ್ಕೆ ಎರಡೂ ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ಭಾರತ 1951ರ ನಿರಾಶ್ರಿತರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿದ ದೇಶವಲ್ಲ. ಬಂದವರನ್ನು ವಿದೇಶೀಯರೆಂದೇ ನೋಂದಾಯಿಸಿ, ತಾತ್ಕಾಲಿಕ ವಾಸದ ಚೀಟಿ ಕೊಟ್ಟರು. ಉಣ್ಣಿ, ಉಳಿಯಿರಿ, ಆದರೆ ಹೋಗಲೇಬೇಕು. ಸರ್ಕಾರ ಮೊದಲ ದಿನದಿಂದ ಹೇಳಿದ್ದು ಇದನ್ನೇ. ದೇಶ ಐದು ಪೈಸೆ ಕೊಟ್ಟಿದ್ದು ಕರುಣೆಯಿಂದ ಮಾತ್ರವಲ್ಲ, ಈ ಷರತ್ತಿನ ಮೇಲಿನ ನಂಬಿಕೆಯಿಂದ ಕೂಡ.

ಷರತ್ತು ನಡೆಯಬೇಕಾದರೆ ಅಲ್ಲಿ ಆಡಳಿತ ಬದಲಾಗಬೇಕಿತ್ತು. ಆಗಸ್ಟ್ 9ರಂದು ಸೋವಿಯತ್ ಒಕ್ಕೂಟದೊಡನೆ ಒಪ್ಪಂದವಾಯಿತು. ಡಿಸೆಂಬರ್ 3ರಂದು ಪಾಕಿಸ್ತಾನದ ವಿಮಾನಗಳು ಭಾರತದ ವಾಯುನೆಲೆಗಳ ಮೇಲೆ ದಾಳಿ ಮಾಡಿದಾಗ, ತಿಂಗಳುಗಳಿಂದ ಸಿದ್ಧವಾಗುತ್ತಿದ್ದ ಸೈನ್ಯಕ್ಕೆ ಆತ್ಮರಕ್ಷಣೆಯ ಕಾರಣ ಸಿಕ್ಕಿತು. ಡಿಸೆಂಬರ್ 7ರಂದು ವಿಶ್ವಸಂಸ್ಥೆಯ ಮಹಾಸಭೆ ಯುದ್ಧ ನಿಲ್ಲಿಸಿ, ಸೈನ್ಯ ಹಿಂತೆಗೆಯಿರಿ ಎಂದಿತು. 104 ರಾಷ್ಟ್ರಗಳು ಆ ನಿರ್ಣಯದ ಪರ, 11 ವಿರುದ್ಧ. ಜಗತ್ತು ಭಾರತದ ವಾದವನ್ನು ಒಪ್ಪಿರಲಿಲ್ಲ ಎಂಬುದನ್ನು ನಾವು ಈಗ ಸುಲಭವಾಗಿ ಮರೆಯುತ್ತೇವೆ. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತು.

ಜಗತ್ತಿನ ಬಾಯಿ ಮುಚ್ಚಿಸಿದ್ದು ಗೆಲುವಿಗಿಂತ ಹೆಚ್ಚಾಗಿ ಅನಂತರ ನಡೆದದ್ದು. 1972ರ ಮಾರ್ಚ್ ಮಧ್ಯದ ಹೊತ್ತಿಗೆ ಭಾರತೀಯ ಸೈನ್ಯ ಢಾಕಾ ಬಿಟ್ಟಿತು. ಫೆಬ್ರುವರಿ ಕೊನೆಗೇ 90 ಲಕ್ಷಕ್ಕೂ ಹೆಚ್ಚು ನಿರಾಶ್ರಿತರು ಲಾರಿ, ರೈಲು, ಕಾಲ್ನಡಿಗೆಯಲ್ಲಿ ಊರು ಸೇರಿದ್ದರು. ಹೋಲಿಸಿ ನೋಡಿ: 1979ರ ಜನವರಿಯಲ್ಲಿ ವಿಯೆಟ್ನಾಂ ಕಾಂಬೋಡಿಯದ ಪೋಲ್ ಪಾಟ್‌ನ ಕೊಲೆಗಡುಕ ಸರ್ಕಾರವನ್ನು ಉರುಳಿಸಿತು. ಪುಣ್ಯದ ಕೆಲಸವೇ. ಆದರೆ ಅದರ ಸೈನ್ಯ ಅಲ್ಲಿ 1989ರವರೆಗೆ ಉಳಿಯಿತು. ವಿಮೋಚಕರು ಆಕ್ರಮಣಕಾರರೆನಿಸಿದರು. ಹೊರಗಿನವರು ಕಾಲಿಟ್ಟಾಗ ಜಗತ್ತು ಅವರ ಉದ್ದೇಶವನ್ನು ಅಳೆಯುವುದು ಒಳಗೆ ಹೋದ ರೀತಿಯಿಂದಲ್ಲ, ಹೊರಗೆ ಬಂದ ರೀತಿಯಿಂದ.

ಇಂದಿರಾ ಗಾಂಧಿಗೂ ಫಲ ಸಿಕ್ಕಿತು. 1972ರ ಮಾರ್ಚಿನ ವಿಧಾನಸಭಾ ಚುನಾವಣೆಗಳಲ್ಲಿ ಅವರ ಪಕ್ಷ ರಾಜ್ಯ ರಾಜ್ಯಗಳನ್ನು ಗೆದ್ದಿತು. ನಮ್ಮಲ್ಲಿ ದೇವರಾಜ ಅರಸು ಮುಖ್ಯಮಂತ್ರಿಯಾದದ್ದು ಆ ಅಲೆಯಲ್ಲಿಯೇ. ಎರಡೇ ವರ್ಷದಲ್ಲಿ ಬೆಲೆಗಳು ಗಗನಕ್ಕೇರಿ, ಬಾಂಗ್ಲಾಕ್ಕಾಗಿ ಜಗತ್ತು ಸುತ್ತಿದ್ದ ಜಯಪ್ರಕಾಶರೇ ಅವರ ವಿರುದ್ಧ ನಿಂತದ್ದು ಬೇರೆ ಕಥೆ.

ಉಳಿದ ತಾರೀಖು

ಯುದ್ಧ ಮುಗಿಯಿತು, ಚೀಟಿ ನಿಂತಿತು, ತಾರೀಖು ಮಾತ್ರ ಉಳಿಯಿತು. ವಿದೇಶೀಯರ ವಿರುದ್ಧ ಆರು ವರ್ಷ ಚಳವಳಿ ನಡೆದ ಅಸ್ಸಾಮಿನಲ್ಲಿ 1985ರ ಆಗಸ್ಟ್ 15ರ ಒಪ್ಪಂದ 1971ರ ಮಾರ್ಚ್ 25ನ್ನೇ ಗೆರೆಯಾಗಿ ಎಳೆಯಿತು. ಅಂದು ಅಥವಾ ಅನಂತರ ಬಂದವರು ಹೊರಗಿನವರು. ಢಾಕಾದಲ್ಲಿ ಗುಂಡು ಹಾರಿದ ರಾತ್ರಿಯೇ ಅಸ್ಸಾಮಿನ ಹಳ್ಳಿಯವನ ಪೌರತ್ವದ ಗಡಿಯಾಯಿತು. 2019ರ ಪೌರತ್ವ ಪಟ್ಟಿಯಿಂದ 19 ಲಕ್ಷ ಜನ ಹೊರಗುಳಿದರು. ಈ ಗೆರೆಯನ್ನು ಸುಪ್ರೀಂ ಕೋರ್ಟ್ 2024ರ ಅಕ್ಟೋಬರಿನಲ್ಲಿ ಎತ್ತಿಹಿಡಿಯಿತು.

ನಮ್ಮ ರಾಯಚೂರು ಜಿಲ್ಲೆಯ ಸಿಂಧನೂರಿನ ಸುತ್ತ ‘ಆರ್.ಎಚ್. ಕ್ಯಾಂಪ್’ ಎಂದು ಸಂಖ್ಯೆಯ ಹೆಸರು ಹೊತ್ತ ಊರುಗಳಿವೆ. ಪೂರ್ವ ಬಂಗಾಳದಿಂದ ಬಂದ ಸಂಸಾರಗಳು ಅಲ್ಲಿ ಭತ್ತ ಬೆಳೆದುಕೊಂಡು ಬಾಳುತ್ತಿವೆ. ಎಲ್ಲರೂ ಹಿಂದಿರುಗಲಿಲ್ಲ, ಎಲ್ಲರಿಗೂ ಹಿಂದಿರುಗಲು ಊರಿರಲಿಲ್ಲ ಎಂಬುದಕ್ಕೆ ಆ ಕ್ಯಾಂಪುಗಳು ಸಾಕ್ಷಿ.

ಅಂದು ಬೇರೆಯವರ ಅಂಗಳದಲ್ಲಿ ಮಲಗಿದ್ದ ಜನರ ದೇಶಕ್ಕೇ 2017ರ ಆಗಸ್ಟಿನಿಂದ ಮ್ಯಾನ್ಮಾರಿನ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಓಡಿಬಂದರು. ಬಾಂಗ್ಲಾದೇಶ ಹೇಳಿದ್ದೂ 1971ರಲ್ಲಿ ಭಾರತ ಹೇಳಿದ್ದನ್ನೇ: ಉಳಿಯಿರಿ, ಆದರೆ ಹೋಗಲೇಬೇಕು. ಆದರೆ ಅವರ ಊರಿನ ದಾರಿಯನ್ನು ತೆರೆಸಿಕೊಡುವವರು ಯಾರೂ ಬರಲಿಲ್ಲ. ಕಾಕ್ಸ್ ಬಜಾರಿನ ಗುಡಿಸಲುಗಳಲ್ಲಿ ಮಕ್ಕಳು ಹುಟ್ಟಿ ಶಾಲೆಯ ವಯಸ್ಸಿಗೆ ಬಂದಿದ್ದಾರೆ. ‘ಹೋಗಬೇಕು’ ಎನ್ನುವುದು ಸುಲಭ. ಹೋಗಲು ಒಂದು ಊರು ಇರುವಂತೆ ಮಾಡುವುದೇ ಕಷ್ಟ. 1971ರಲ್ಲಿ ಅದಕ್ಕೆ ಒಂದು ಯುದ್ಧವೇ ಬೇಕಾಯಿತು.