ಲಘು ವಿಮಾನದಲ್ಲಿ ಇಂಧನ ಯೋಜನೆ

ದೂರ, ಎದುರುಗಾಳಿ ಮತ್ತು ಎಂಜಿನ್ ಗಂಟೆಗೆ ಕುಡಿಯುವ ಇಂಧನವನ್ನು ಲೆಕ್ಕ ಹಾಕಿ, ಮೀಸಲು ಸೇರಿಸಿ ಟ್ಯಾಂಕ್ ತುಂಬಿಸುವ ಕ್ರಮ. ಈ ಮೀಸಲು ಹಗಲಿನ ಹಾರಾಟಕ್ಕೆ ಸಾಮಾನ್ಯವಾಗಿ 30 ನಿಮಿಷದ್ದು, ರಾತ್ರಿಗೆ 45 ನಿಮಿಷದ್ದು. ಒಂದೇ ಎಂಜಿನ್ನಿನ ವಿಮಾನದಲ್ಲಿ ಇಂಧನ ಬರಿದಾದರೆ ತೇಲುತ್ತಲೇ ಸಿಕ್ಕ ಬಯಲಿಗೆ ಇಳಿಯಬೇಕು. ಆದ್ದರಿಂದ ಇದು ಜೀವದ ಲೆಕ್ಕ. ಇಂಧನಕ್ಕೆ ನೀರು ಸೇರಿದರೂ ಎಂಜಿನ್ ನಿಂತೀತು. ಹಾಗಾಗಿ ಹಾರುವ ಮುನ್ನ ಟ್ಯಾಂಕಿನ ತಳದಿಂದ ಪಾರದರ್ಶಕ ಲೋಟಕ್ಕೆ ಸ್ವಲ್ಪ ಬಸಿದು, ಬೆಳಕಿಗೆ ಹಿಡಿದು ನೋಡುತ್ತಾರೆ. ನೀರಿದ್ದರೆ ಅಡಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ.

ಹಿಂದೆ ವಿಮಾನಕ್ಕೆ ಇಂಧನ ತಲುಪುತ್ತಿದ್ದ ಬಗೆಗೆ ಒಂದು ಉದಾಹರಣೆ ಇದೆ. 1932ರ ಅಕ್ಟೋಬರ್ 15ರಂದು ಉದ್ಯಮಿ ಜೆ.ಆರ್.ಡಿ. ಟಾಟಾ ಅಂಚೆ ಹೊತ್ತ ಪುಸ್ ಮಾತ್ ವಿಮಾನವನ್ನು ಕರಾಚಿಯಿಂದ ಮುಂಬಯಿಗೆ ಹಾರಿಸಿದರು. ನಡುವೆ ಅಹಮದಾಬಾದಿನಲ್ಲಿ ಇಳಿದಾಗ ಇಂಧನದ ಡಬ್ಬಿಗಳು ಬಂದದ್ದು ಎತ್ತಿನ ಗಾಡಿಯಲ್ಲಿ. ಮುಂಬಯಿಯಿಂದ ಅಂಚೆಯನ್ನು ಇನ್ನೊಬ್ಬ ಪೈಲಟ್ ನೆವಿಲ್ ವಿನ್ಸೆಂಟ್ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು.